ಕಡಲಾಚೆಯ ತೆಂಗಿನ ಸೀಮೆ: ಮೊಜಾಂಬಿಕ್

ತಿಪಟೂರು ಸೀಮೆಯಲ್ಲಿ ಒಂದು ಮನೆಯ ಸ್ಥಿತಿಗತಿಯನ್ನು ಅಳೆಯುವುದು ಮರದ ಲೆಕ್ಕದಿಂದ. ಹೆಣ್ಣು ಕೊಡುವವರು ಗಂಡಿನ ಕಡೆಯವರಿಗೆ ಎಷ್ಟು ಎಕರೆ ಇದೆಯೆಂದು ಕೇಳುವುದಕ್ಕಿಂತ ಎಷ್ಟು ಮರ ಇದೆಯೆಂದು ಕೇಳುವುದೇ ಹೆಚ್ಚು. ಕಡಲಿನಿಂದ ಬಹುದೂರದಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 850 ಮೀಟರ್ ಎತ್ತರದ ಬಯಲಿನಲ್ಲಿ, ಹದವಾದ ಮಳೆಯೂ ಖಚಿತವಿಲ್ಲದ ಕೆಂಪು ಮಣ್ಣಿನಲ್ಲಿ ಈ ಕಡಲ ಮರ ಬೇರೂರಿ ನಿಂತಿರುವುದೇ ಒಂದು ಸೋಜಿಗ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೂ ಸೇರಿಸಿಕೊಂಡು ಈ ಪ್ರದೇಶಕ್ಕೆ ‘ಕಲ್ಪತರು ನಾಡು’ ಎಂಬ ಹೆಸರು ಸುಮ್ಮನೆ ಬಂದುದಲ್ಲ.

ಇಂಥ ಇನ್ನೊಂದು ತೆಂಗಿನ ಸೀಮೆ ಹಿಂದೂ ಮಹಾಸಾಗರದ ಆಚೆಯ ದಡದಲ್ಲಿ ಉಂಟು. ಆಫ್ರಿಕ ಖಂಡದ ಆಗ್ನೇಯ ಕರಾವಳಿಯ ಮೊಜಾಂಬಿಕ್ ದೇಶದಲ್ಲಿಯೂ ಲಕ್ಷಾಂತರ ಸಂಸಾರಗಳು ಈ ಮರದ ನೆರಳಿನಲ್ಲೇ ಬಾಳಿದುವು. ಅಲ್ಲಿಯೂ ಕೊಬ್ಬರಿ ಹಡಗು ಹತ್ತಿತು, ಅಲ್ಲಿಯೂ ತೆಂಗಿನಕಾಯಿ ಇಲ್ಲದೆ ಅಡಿಗೆ ಸಾಗದು. ಭೂಪಟದಲ್ಲಿ ದೂರವೆಂದು ಕಾಣುವ ಈ ದೇಶಕ್ಕೂ ಕನ್ನಡ ನಾಡಿಗೂ ಗೋವೆಯ ಮೂಲಕ ಶತಮಾನಗಳ ನಂಟು ಇದೆ. ಆ ನಂಟಿನಲ್ಲಿ ವ್ಯಾಪಾರವಿದೆ, ಊಟ ಉಪಚಾರವಿದೆ, ಕಣ್ಣೀರೂ ಇದೆ. ಇತ್ತೀಚೆಗೆ ಆ ದೇಶದ ತೆಂಗಿಗೆ ಒದಗಿದ ವಿಪತ್ತಿನಲ್ಲಿ ತಿಪಟೂರಿನ ಬೆಳೆಗಾರ ಗಮನಿಸಬೇಕಾದ ಪಾಠವೂ ಇದೆ.

ನಾಡಿನ ರೂಪ

ಮೊಜಾಂಬಿಕಿನ ವಿಸ್ತೀರ್ಣ ಸುಮಾರು 8 ಲಕ್ಷ ಚದರ ಕಿಲೋಮೀಟರ್. ಎಂದರೆ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು. ಜನಸಂಖ್ಯೆಯಾದರೋ 2017ರ ಗಣತಿಯಂತೆ ಸುಮಾರು 2 ಕೋಟಿ 80 ಲಕ್ಷ. 2011ರ ಗಣತಿಯಲ್ಲಿ ಕರ್ನಾಟಕದಲ್ಲಿದ್ದ ಜನರ ಅರ್ಧಕ್ಕಿಂತಲೂ ಕಡಮೆ. ಉತ್ತರದಲ್ಲಿ ಟಾಂಜಾನಿಯ, ಪಶ್ಚಿಮದಲ್ಲಿ ಮಲಾವಿ, ಜಾಂಬಿಯ, ಜಿಂಬಾಬ್ವೆ, ನೈಋತ್ಯ ಮತ್ತು ದಕ್ಷಿಣದಲ್ಲಿ ದಕ್ಷಿಣ ಆಫ್ರಿಕ ಹಾಗೂ ಎಸ್ವಾತಿನಿ, ಹೀಗೆ ಆರು ದೇಶಗಳು ಇದರ ನೆರೆಯವು. ಪೂರ್ವಕ್ಕೆ ಉದ್ದಕ್ಕೂ ಸಮುದ್ರ. ಕರಾವಳಿಯ ಉದ್ದ ಸುಮಾರು 2,500 ಕಿಲೋಮೀಟರ್. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯನ್ನು ನೆನೆದರೆ ಆ ಉದ್ದ ಎಷ್ಟೆಂಬುದು ಮನಸ್ಸಿಗೆ ಬಂದೀತು.

ದೇಶವನ್ನು ನಡುವೆ ಸೀಳಿಕೊಂಡು ಹರಿಯುತ್ತದೆ ಜಾಂಬೆಜಿ ಮಹಾನದಿ. ನದಿಯ ದಕ್ಷಿಣಕ್ಕೆ ತಗ್ಗಾದ ಮರಳು ನೆಲ. ಉತ್ತರಕ್ಕೆ ಪ್ರಸ್ಥಭೂಮಿ, ಬೆಟ್ಟಗಳು. ಗುರುವೆ ಎಂಬಲ್ಲಿನ ಇಳಿಜಾರುಗಳಲ್ಲಿ ಚಹಾ ತೋಟಗಳಿವೆ. ಜಿಂಬಾಬ್ವೆಯ ಗಡಿಯಲ್ಲಿರುವ 2,436 ಮೀಟರಿನ ಬಿಂಗಾ ಶಿಖರ ದೇಶದಲ್ಲೇ ಎತ್ತರವಾದುದು. ಜಾಂಬೆಜಿಗೆ ಅಡ್ಡಲಾಗಿ 1974ರಲ್ಲಿ ಕಟ್ಟಿ ಮುಗಿಸಿದ ಕಹೋರಾ ಬಾಸಾ ಅಣೆಕಟ್ಟು ಆಫ್ರಿಕದ ದೊಡ್ಡ ಜಲವಿದ್ಯುತ್ ಆಗರಗಳಲ್ಲೊಂದು. ಸಮಭಾಜಕದ ದಕ್ಷಿಣಕ್ಕಿರುವುದರಿಂದ ಅಲ್ಲಿಯ ಋತುಗಳು ನಮ್ಮವಕ್ಕೆ ತಿರುಗುಮುರುಗು. ತಿಪಟೂರಿನಲ್ಲಿ ಹಿಂಗಾರು ಮುಗಿದು ರಾಗಿ ಕೊಯ್ಲಿನ ಕಾಲ ಬಂದಾಗ ಅಲ್ಲಿ ಮಳೆಗಾಲ ಮೊದಲಾಗುತ್ತದೆ.

ಆ ದೇಶದ ರೈಲುಹಾದಿಗಳನ್ನು ನೋಡಿದರೆ ಅದರ ಚರಿತ್ರೆಯೇ ಕಾಣುತ್ತದೆ. ಮಾಪುಟೋ, ಬೆಯ್ರಾ, ನಕಾಲಾ ಎಂಬ ಮೂರು ಬಂದರುಗಳಿಂದ ಹೊರಟ ಹಾದಿಗಳು ಪಶ್ಚಿಮಕ್ಕೆ ನೆರೆಯ ದೇಶಗಳ ಗಣಿ ಹಾಗೂ ತೋಟಗಳಿಗೆ ಓಡುತ್ತವೆ. ದೇಶದ ಉತ್ತರವನ್ನೂ ದಕ್ಷಿಣವನ್ನೂ ಕೂಡಿಸುವ ಒಂದು ಹಾದಿಯನ್ನೂ ಆಳಿದವರು ಹಾಕಲಿಲ್ಲ. ನಾಡಿನ ಜನ ಒಬ್ಬರನ್ನೊಬ್ಬರು ಕಾಣಲೆಂದು ಹಾಕಿದ ಹಾದಿಗಳಲ್ಲ ಅವು. ಸರಕು ಬಂದರಿಗೆ ಬರಲೆಂದು ಹಾಕಿದವು.

ಗಾಳಿ ತಂದ ನಂಟು

ಯಂತ್ರದ ಹಡಗುಗಳು ಹುಟ್ಟುವ ಮೊದಲು ಹಿಂದೂ ಮಹಾಸಾಗರವನ್ನು ಆಳುತ್ತಿದ್ದುದು ಮಾರುತಗಳು. ಚಳಿಗಾಲದ ಈಶಾನ್ಯ ಮಾರುತ ಪಶ್ಚಿಮ ಭಾರತದ ಹಾಯಿಹಡಗುಗಳನ್ನು ಆಫ್ರಿಕದ ದಡಕ್ಕೆ ಒಯ್ಯುತ್ತಿತ್ತು. ನೈಋತ್ಯ ಮಾರುತ ಅವನ್ನು ಮರಳಿ ತರುತ್ತಿತ್ತು. ಖಂಬಾತದ ಬಟ್ಟೆ, ಬಣ್ಣದ ಮಣಿಗಳು ಅತ್ತ ಹೋದುವು. ಚಿನ್ನ, ಆನೆಯ ದಂತ ಇತ್ತ ಬಂದುವು. ಒಳನಾಡಿನ ಚಿನ್ನ ಸೊಫಾಲಾ ಬಂದರಿಗೆ ಬಂದು ಅಲ್ಲಿಂದ ಅರಬ್ ಹಾಗೂ ಸ್ವಾಹಿಲಿ ವರ್ತಕರ ಕೈಯಿಂದ ಹೊರಡುತ್ತಿತ್ತು. ದೇಶಕ್ಕೆ ಹೆಸರು ಬಂದದ್ದು ಕರಾವಳಿಯ ಒಂದು ಚಿಕ್ಕ ದ್ವೀಪದಿಂದ. ಆ ದ್ವೀಪಕ್ಕೆ ಮುಸಾ ಬಿನ್ ಬಿಕ್ ಎಂಬ ಅರಬ್ ಮುಖಂಡನಿಂದ ಹೆಸರು ಬಂತೆಂದು ಹೇಳುತ್ತಾರೆ.

ತೆಂಗೂ ಈ ಸಾಗರದ ಪಯಣಿಗನೇ. ಜಗತ್ತಿನ ತೆಂಗಿನಲ್ಲಿ ಎರಡು ಮೂಲ ವಂಶಗಳಿವೆಯೆಂದು 2011ರಲ್ಲಿ ಪ್ರಕಟವಾದ ಒಂದು ವಂಶವಾಹಿ ಸಂಶೋಧನೆ ತಿಳಿಸಿತು: ಒಂದು ಪೆಸಿಫಿಕ್ ಸಾಗರದ್ದು, ಇನ್ನೊಂದು ದಕ್ಷಿಣ ಭಾರತ, ಸಿಂಹಳಗಳ ಸುತ್ತಿನ ಹಿಂದೂ ಮಹಾಸಾಗರದ್ದು. ಮಡಗಾಸ್ಕರ್ ಮತ್ತು ಆಫ್ರಿಕದ ಪೂರ್ವ ಕರಾವಳಿಯಲ್ಲಿ ಎರಡೂ ವಂಶಗಳು ಬೆರೆತಿವೆ. ಆಗ್ನೇಯ ಏಷ್ಯದಿಂದ ದೋಣಿಗಳಲ್ಲಿ ಬಂದು ಮಡಗಾಸ್ಕರಿನಲ್ಲಿ ನೆಲೆಸಿದ ಜನ ತಮ್ಮ ಕಾಯಿಗಳನ್ನೂ ತಂದುದರ ಗುರುತು ಇದು.

1498ರ ಜನವರಿಯಲ್ಲಿ ವಾಸ್ಕೋ ಡ ಗಾಮಾ ಭಾರತದ ದಾರಿ ಹುಡುಕುತ್ತ ಬಂದು ಕೆಲಿಮಾನೆಯ ನದಿಮುಖದಲ್ಲಿ ತಂಗಿದನು. ಮುಂದೆ ಪೂರ್ವದೇಶಗಳು ಸಿಕ್ಕುವ ಕುರುಹು ಅಲ್ಲಿ ಕಂಡದ್ದರಿಂದ ಆ ನದಿಗೆ ‘ಶುಭ ಸೂಚನೆಗಳ ನದಿ’ ಎಂದು ಹೆಸರಿಟ್ಟನು. ಅವನಿಗೆ ಶುಭವಾದುದು ಆ ದಡದವರಿಗೆ ಶುಭವಾಗಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಅವನು ಕಲ್ಲಿಕೋಟೆಯನ್ನು ಮುಟ್ಟಿದನು. ಹನ್ನೆರಡು ವರ್ಷಗಳ ಮೇಲೆ, 1510ರಲ್ಲಿ, ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡರು. ಆ ದಂಡಯಾತ್ರೆಗೆ ಪ್ರೇರಣೆಯನ್ನೂ ನೆರವನ್ನೂ ಕೊಟ್ಟವನು ಹೊನ್ನಾವರದ ನಾವಿಕ ನಾಯಕ ತಿಮ್ಮಯ್ಯ. ತಿಪಟೂರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆ, ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ, ಕೊನೆಗೆ ಸಮುದ್ರ ಕಾಣುವುದು ಅದೇ ಹೊನ್ನಾವರದಲ್ಲಿ.

ಮುಂದೆ ಎರಡೂವರೆ ಶತಮಾನ ಕಾಲ ಮೊಜಾಂಬಿಕಿನ ಆಳ್ವಿಕೆ ನಡೆದುದು ಲಿಸ್ಬನ್ನಿನಿಂದ ನೇರವಾಗಿ ಅಲ್ಲ, ಗೋವೆಯ ಮೂಲಕ. ಗೋವೆಯ ವೈಸರಾಯಿಯ ಕೈಕೆಳಗೆ ಅಲ್ಲಿಯ ಅಧಿಕಾರಿಗಳಿದ್ದರು. 1752ರಲ್ಲಿ ಮಾತ್ರ ಮೊಜಾಂಬಿಕ್ ಗೋವೆಯಿಂದ ಬೇರ್ಪಟ್ಟಿತು. ಗೋವೆಯ ಕುಟುಂಬಗಳು ಜಾಂಬೆಜಿಯ ದಡದಲ್ಲಿ ಜಹಗೀರುಗಳನ್ನು ಪಡೆದುವು; ದಿಯುವಿನ ಗುಜರಾತಿ ವರ್ತಕರು ಬಟ್ಟೆಯ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡರು. ಇಂದಿಗೂ ಮೊಜಾಂಬಿಕ್ ದ್ವೀಪದ ಹಳೆಯ ಬೀದಿಗಳಲ್ಲಿ ಪೋರ್ಚುಗೀಸ್, ಅರಬ್, ಭಾರತೀಯ ಮಾದರಿಯ ಮನೆಗಳು ಒಂದರ ಮಗ್ಗುಲಲ್ಲೊಂದು ನಿಂತಿವೆ. 1991ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು.

ಸರಕಾಗಿ ಬಂದ ಜನ

ಈ ಹಡಗುಗಳಲ್ಲಿ ಬಂದುದು ಚಿನ್ನ, ದಂತಗಳಷ್ಟೇ ಆಗಿದ್ದರೆ ಈ ಚರಿತ್ರೆ ಬರಿಯ ವ್ಯಾಪಾರದ ಚರಿತ್ರೆಯಾಗುತ್ತಿತ್ತು. ಮೊಜಾಂಬಿಕಿನ ಒಳನಾಡಿನಿಂದ ಹಿಡಿದು ತಂದ ಗಂಡಸರು, ಹೆಂಗಸರು, ಮಕ್ಕಳನ್ನೂ ಪೋರ್ಚುಗೀಸರು ಗೋವೆಯಲ್ಲಿ ಮಾರಿದರು. ಶ್ರೀಮಂತರ ಮನೆಗೆಲಸ, ಪಲ್ಲಕ್ಕಿ ಹೊರುವುದು, ಕಾವಲು, ಸೈನ್ಯದ ಚಾಕರಿ ಇವು ಅವರ ಪಾಲಿಗೆ ಬಂದುವು. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಿಂದ ಪೂರ್ಣವಾಗಿ ರದ್ದಾದುದು 1869ರಲ್ಲಿ. ಅದಕ್ಕೆ ಬಹಳ ಮೊದಲೇ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಹೊಕ್ಕಿದ್ದರು.

ಅವರ ವಂಶದವರೇ ಇಂದಿನ ಕರ್ನಾಟಕದ ಸಿದ್ದಿಗಳು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲ, ಜೋಯಿಡಾ ತಾಲ್ಲೂಕುಗಳಲ್ಲಿಯೂ ಧಾರವಾಡ, ಬೆಳಗಾವಿ ಜಿಲ್ಲೆಗಳ ಕಾಡಂಚಿನಲ್ಲಿಯೂ ಅವರ ಹಳ್ಳಿಗಳಿವೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮಾತು ಕನ್ನಡ, ಕೊಂಕಣಿ, ಮರಾಠಿ, ಉರ್ದು. ಪೂರ್ವಜರ ಆಫ್ರಿಕದ ನುಡಿ ಉಳಿಯಲಿಲ್ಲ. ಡಮಾಮಿ ಎಂಬ ತೊಗಲ ವಾದ್ಯದ ಗತಿಗೆ ಕುಣಿಯುವ ಕುಣಿತ ಮಾತ್ರ ಉಳಿಯಿತು. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಇಂದು ಹೊರದೇಶಗಳ ಪ್ರದರ್ಶನಗಳಲ್ಲೂ ಕಾಣುತ್ತವೆ.

ಈ ಜನರ ಮೂಲ ಆಫ್ರಿಕದ ಬಂಟು ನುಡಿಗಳನ್ನಾಡುವ ಜನರಲ್ಲಿ ಎಂಬುದನ್ನು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಖಚಿತಪಡಿಸಿದುವು. ಆದರೆ ಈ ನೆಲದ ಜನರೆಂದು ಮನ್ನಣೆ ಪಡೆಯಲು ಅವರು ಬಹುಕಾಲ ಕಾಯಬೇಕಾಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಧಾರವಾಡ, ಬೆಳಗಾವಿ ಜಿಲ್ಲೆಗಳವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆಯನ್ನು ಹೊಕ್ಕ ಮೊದಲಿಗರು ಅವರು. ಸರಕಾಗಿ ಬಂದ ಜನರ ಮೊಮ್ಮಕ್ಕಳು ಶಾಸನ ಮಾಡುವ ಮನೆಯಲ್ಲಿ ಕುಳಿತುಕೊಳ್ಳಲು ಶತಮಾನಗಳೇ ಬೇಕಾದುವು.

ಅಡಿಗೆಮನೆಯ ಬಾಂಧವ್ಯ

ಮೊಜಾಂಬಿಕಿನ ಹಳ್ಳಿಯ ಊಟವನ್ನು ನಮ್ಮ ಬಯಲುಸೀಮೆಯ ಗೃಹಿಣಿ ಕಂಡರೆ ಪರಕೀಯವೆಂದು ಎಣಿಸಲಾರಳು. ಅಲ್ಲಿಯ ಮುಖ್ಯ ಆಹಾರ ‘ಶಿಮಾ’. ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ತಿರುವಿ, ಗಟ್ಟಿಯಾಗಿ ಬೇಯಿಸುತ್ತಾರೆ. ಕೈಯಿಂದ ಮುರಿದು, ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ನಮ್ಮ ಮುದ್ದೆಗೂ ಅದಕ್ಕೂ ಹಿಟ್ಟಿನ ಭೇದವಷ್ಟೆ. ಆ ಹಿಟ್ಟಿನ ಮಾತಿನಲ್ಲಿಯೂ ಋಣ ನಮ್ಮದೇ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಭೂಮಿ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂದು ಹಳೆಯ ಮೈಸೂರು ಸೀಮೆಯ ಅನ್ನವಾಯಿತು. ಉತ್ತರ ಕರ್ನಾಟಕದ ರೊಟ್ಟಿಯ ಜೋಳವೂ ಆಫ್ರಿಕದ್ದೇ.

ಮರಗೆಣಸಿನ ಎಳೆಯ ಸೊಪ್ಪನ್ನು ಒರಳಿನಲ್ಲಿ ಕುಟ್ಟಿ, ಕಡಲೆಕಾಯಿ ಪುಡಿ, ತೆಂಗಿನ ಹಾಲು ಸೇರಿಸಿ ಬೇಯಿಸಿದರೆ ‘ಮಟಾಪಾ’ ಆಗುತ್ತದೆ. ಕರಾವಳಿಯಲ್ಲಿ ಅದಕ್ಕೆ ಸಿಗಡಿಯನ್ನೂ ಸೇರಿಸುತ್ತಾರೆ. ತೆಂಗಿನ ಹಾಲಿನ ಸಾರಿಗೆ ಅಲ್ಲಿ ‘ಕರಿಲ್’ ಎಂದು ಹೆಸರು. ಇದು ದಕ್ಷಿಣ ಭಾರತದ ‘ಕರಿ’ ಶಬ್ದವೇ. ಸಮೋಸ ಅಲ್ಲಿ ‘ಶಮೂಸಾ’, ಉಪ್ಪಿನಕಾಯಿ ‘ಅಚಾರ್’. ತೆಂಗಿನ ಮರದಿಂದ ಇಳಿಸುವ ಸೇಂದಿಗೆ ‘ಸುರಾ’ ಎನ್ನುತ್ತಾರೆ. ಈ ಸಂಸ್ಕೃತ ಶಬ್ದ ಗೋವೆಯ ಹಡಗಿನಲ್ಲಿ ಅಲ್ಲಿಗೆ ಹೋದುದು. ಜಗತ್ತೆಲ್ಲ ಆಡುವ ‘ಕೋಪ್ರಾ’ ಎಂಬ ಮಾತಾದರೂ ಮಲಯಾಳದ ‘ಕೊಪ್ಪರ’ವನ್ನು ಪೋರ್ಚುಗೀಸರು ಒಯ್ದು ಹರಡಿದುದು, ನಮ್ಮ ಕೊಬ್ಬರಿಯ ಒಡಹುಟ್ಟು. ಅತ್ತ ಪೋರ್ಚುಗೀಸ್ ಭಾಷೆಯಿಂದ ಕನ್ನಡಕ್ಕೆ ಬಂದ ಮೇಜು, ಚಾವಿ, ಇಸ್ತ್ರಿ, ಪಾದ್ರಿ, ಅನಾನಸ್ ಮೊದಲಾದುವನ್ನು ಮೊಜಾಂಬಿಕಿನ ಶಾಲಾಬಾಲಕ ಕೇಳಿದರೆ ಅರ್ಧಕ್ಕರ್ಧ ಗುರುತಿಸಿಯಾನು. ಪೋರ್ಚುಗೀಸ್ ಅಲ್ಲಿ ಇಂದಿಗೂ ರಾಜಭಾಷೆ. ಮನೆಮಾತುಗಳು ಮಾತ್ರ ಹತ್ತಾರು. ಅವುಗಳಲ್ಲಿ ಹೆಚ್ಚು ಜನ ಆಡುವುದು ಉತ್ತರದ ಮಕುವಾ.

ಮಕುವಾ ಜನರಲ್ಲಿ ವಂಶ ಹೆಣ್ಣಿನ ಕಡೆಯಿಂದ ನಡೆಯುತ್ತದೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸದಲ್ಲ. ಆ ಹೆಂಗಸರು ‘ಮುಸಿರೋ’ ಎಂಬ ಮರದ ತುಂಡನ್ನು ಕಲ್ಲಿನ ಮೇಲೆ ನೀರು ಬಿಟ್ಟು ತೇಯ್ದು, ಬಂದ ಬಿಳಿಯ ಲೇಪವನ್ನು ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ಸಾಣೆಕಲ್ಲಿನ ಮೇಲೆ ಗಂಧ ತೇಯುವ ನಾಡಿನವರಿಗೆ ಆ ದೃಶ್ಯ ಪರಿಚಿತವೇ. ಉಡುವುದು ‘ಕಪುಲಾನಾ’ ಎಂಬ ಬಣ್ಣಬಣ್ಣದ ಅಚ್ಚಿನ ಬಟ್ಟೆ. ಅದೇ ಬಟ್ಟೆ ಕೂಸನ್ನು ಬೆನ್ನಿಗೆ ಕಟ್ಟಲು, ಸಂತೆಯ ಗಂಟು ಹೊರಲು, ಸತ್ತವರಿಗೆ ಹೊದಿಸಲು ಬೇಕು. ಈ ಬಟ್ಟೆಯಲ್ಲಿ ಭಾರತದ ಗಿರಣಿಗಳಿಂದ ಹೋದುದೂ ಉಂಟು.

ದಕ್ಷಿಣದ ಚೋಪಿ ಜನರ ‘ತಿಂಬಿಲಾ’ ವಾದ್ಯ ಜಗತ್ಪ್ರಸಿದ್ಧ. ಮರದ ಪಟ್ಟಿಗಳ ಕೆಳಗೆ ಸೋರೆಯ ಬುರುಡೆಗಳನ್ನು ಕಟ್ಟಿ ನಾದ ಹೊಮ್ಮಿಸುವ ಈ ವಾದ್ಯಗಳನ್ನು ಹತ್ತಾರು ಜನ ಒಟ್ಟಿಗೆ ನುಡಿಸುತ್ತಾರೆ. ಯುನೆಸ್ಕೋ 2005ರಲ್ಲಿ ಇದನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. ಉತ್ತರದ ಮಕೊಂಡೆ ಜನರ ಕರಿಮರದ ಕೆತ್ತನೆಗಳು ಲೋಕದ ವಸ್ತುಸಂಗ್ರಹಾಲಯಗಳಲ್ಲಿವೆ. 1966ರ ವಿಶ್ವಕಪ್ಪಿನಲ್ಲಿ ಪೋರ್ಚುಗಲ್ ಪರವಾಗಿ ಆಡಿ ಎಲ್ಲರಿಗಿಂತ ಹೆಚ್ಚು, 9 ಗೋಲು ಹೊಡೆದ ಯೂಸೆಬಿಯೋ ಹುಟ್ಟಿದ್ದು ಈ ದೇಶದಲ್ಲಿ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 800 ಮೀಟರ್ ಓಟದ ಚಿನ್ನ ಗೆದ್ದ ಮರಿಯಾ ಮುಟೋಲಾ ತನ್ನದೇ ದೇಶದ ಬಾವುಟದಡಿ ಓಡಿದಳು. ಈ ಎರಡು ಗೆಲುವುಗಳ ನಡುವೆ ಸ್ವಾತಂತ್ರ್ಯ ಸಂಗ್ರಾಮವೊಂದು ನಡೆದುಹೋಗಿತ್ತು.

ದುಡಿಮೆಯ ನೊಗ, ಬಿಡುಗಡೆಯ ಬೆಲೆ

ಗುಲಾಮಗಿರಿ ಹೋದರೂ ಅದರ ನೆರಳು ಹೋಗಲಿಲ್ಲ. ‘ಶಿಬಾಲೋ’ ಎಂಬ ಬಲವಂತದ ದುಡಿಮೆ 1960ರ ದಶಕದ ಆರಂಭದವರೆಗೂ ಉಳಿಯಿತು. ತೋಟ, ರಸ್ತೆ, ಬಂದರುಗಳ ಕೆಲಸಕ್ಕೆ ಗಂಡಸರನ್ನು ಹಿಡಿದೊಯ್ಯುತ್ತಿದ್ದರು. 1938ರಿಂದ ಹತ್ತಿ ಬೆಳೆಯಲೇಬೇಕೆಂಬ ಕಟ್ಟಳೆ ಬಂದು, ಹೊಟ್ಟೆಯ ಬೆಳೆಗೆ ಜಾಗವಿಲ್ಲದೆ ಹಳ್ಳಿಗಳು ಹಸಿದುವು. ದಕ್ಷಿಣದ ಲಕ್ಷಾಂತರ ಯುವಕರು ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಇಳಿದರು.

1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಗೊಂಡಾಗ ಪೋರ್ಚುಗೀಸರ ಕೋಪ ಮೊಜಾಂಬಿಕಿನ ಭಾರತೀಯರ ಮೇಲೆ ತಿರುಗಿತು. ಸಾವಿರಾರು ಭಾರತೀಯ ಪ್ರಜೆಗಳನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಆಸ್ತಿ ಕಳೆದುಕೊಂಡು ಅನೇಕ ಸಂಸಾರಗಳು ದೇಶ ಬಿಟ್ಟುವು. ಮರುವರ್ಷ, 1962ರಲ್ಲಿ, ದಾರ್ ಎಸ್ ಸಲಾಮ್ ನಗರದಲ್ಲಿ ‘ಫ್ರೆಲಿಮೊ’ ಎಂಬ ವಿಮೋಚನಾ ರಂಗ ಹುಟ್ಟಿತು. ಅದರ ಮೊದಲ ಅಧ್ಯಕ್ಷ ಎಡ್ವರ್ಡೊ ಮೊಂಡ್ಲಾನೆ ಅಮೆರಿಕದಲ್ಲಿ ಪ್ರಾಧ್ಯಾಪಕನಾಗಿದ್ದ ವಿದ್ವಾಂಸ. 1964ರ ಸೆಪ್ಟೆಂಬರ್ 25ರಂದು ಸಶಸ್ತ್ರ ಹೋರಾಟ ಆರಂಭವಾಯಿತು. 1969ರಲ್ಲಿ ಪುಸ್ತಕದ ಪೊಟ್ಟಣದಲ್ಲಿ ಬಂದ ಬಾಂಬಿಗೆ ಮೊಂಡ್ಲಾನೆ ಬಲಿಯಾದನು. ಅವನ ತರುವಾಯ ಮುಂದಾಳಾದವನು ಆಸ್ಪತ್ರೆಯ ದಾದಿಯ ಕೆಲಸದಿಂದ ಬಂದ ಸಮೋರಾ ಮಶೆಲ್. 1974ರಲ್ಲಿ ಲಿಸ್ಬನ್ನಿನಲ್ಲೇ ಸರ್ವಾಧಿಕಾರ ಕುಸಿಯಿತು. 1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು. ರಾಜಧಾನಿ ಲೊರೆನ್ಸೊ ಮಾರ್ಕೆಸ್ ಮರುವರ್ಷ ಮಾಪುಟೋ ಆಯಿತು.

ಪೋರ್ಚುಗೀಸ್ ವಲಸಿಗರು ಗುಂಪುಗುಂಪಾಗಿ ಹೊರಟುಹೋದರು. ಉಳಿದ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ನಿರಕ್ಷರರು. ವೈದ್ಯರು, ಇಂಜಿನಿಯರುಗಳು ಬೆರಳೆಣಿಕೆ. ಅದರ ಮೇಲೆ 1977ರಿಂದ 1992ರವರೆಗೆ ಹದಿನೈದು ವರ್ಷ ಅಂತರ್ಯುದ್ಧ. ನೆರೆಯ ಬಿಳಿಯರ ಸರ್ಕಾರಗಳು ‘ರೆನಾಮೊ’ ಬಂಡಾಯಗಾರರಿಗೆ ಬೆಂಬಲ ಕೊಟ್ಟುವು. ಯುದ್ಧದಿಂದಲೂ ಹಸಿವಿನಿಂದಲೂ ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. 1986ರಲ್ಲಿ ಮಶೆಲ್ ವಿಮಾನ ಅಪಘಾತದಲ್ಲಿ ಮಡಿದನು. 1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. 1994ರಲ್ಲಿ ಹಲವು ಪಕ್ಷಗಳ ಚುನಾವಣೆ ನಡೆಯಿತು.

ಯುದ್ಧ ನಿಂತರೂ ಹೊಲದಲ್ಲಿ ಹುಗಿದ ನೆಲಬಾಂಬುಗಳು ನಿಲ್ಲಲಿಲ್ಲ. ಉಳುವವನ ಕಾಲು, ಆಡುವ ಮಗುವಿನ ಕೈ ಹಾರಿಹೋಗುತ್ತಿದ್ದುವು. ಅವನ್ನು ಹುಡುಕಿ ತೆಗೆಯಲು ಎರಡು ದಶಕಗಳೇ ಹಿಡಿದುವು. ಮೂಸಿ ಸಿಡಿಮದ್ದನ್ನು ಪತ್ತೆಹಚ್ಚಲು ಪಳಗಿಸಿದ ದೊಡ್ಡ ಜಾತಿಯ ಇಲಿಗಳೂ ಈ ಕೆಲಸದಲ್ಲಿ ನೆರವಾದುವು. ಹಗುರವಾದ ಅವುಗಳ ಹೆಜ್ಜೆಗೆ ಬಾಂಬು ಸಿಡಿಯದು. 2015ರಲ್ಲಿ ದೇಶ ನೆಲಬಾಂಬುಗಳಿಂದ ಮುಕ್ತವಾಯಿತೆಂದು ಸಾರಲಾಯಿತು.

ಕಷ್ಟಗಳು ಅಲ್ಲಿಗೇ ಮುಗಿದುವೆನ್ನಲಾಗದು. 2017ರಿಂದ ಉತ್ತರದ ಕಾಬೊ ದೆಲ್ಗಾದೊ ಪ್ರಾಂತದಲ್ಲಿ ಉಗ್ರರ ಹಾವಳಿ ಎದ್ದು ಲಕ್ಷಾಂತರ ಜನ ಮನೆ ಬಿಟ್ಟರು. 2019ರ ಮಾರ್ಚಿಯಲ್ಲಿ ‘ಇಡಾಯ್’ ಚಂಡಮಾರುತ ಬೆಯ್ರಾ ನಗರವನ್ನು ನೆಲಸಮ ಮಾಡಿತು. ಆಗ ಮೊದಲಾಗಿ ನೆರವಿಗೆ ಧಾವಿಸಿದವುಗಳಲ್ಲಿ ಭಾರತದ ನೌಕಾಪಡೆಯ ಸುಜಾತ, ಸಾರಥಿ, ಶಾರ್ದೂಲ ಹಡಗುಗಳೂ ಇದ್ದುವು.

ಗೇರು ಮತ್ತು ತೊಗರಿ

ಬ್ರೆಜಿಲಿನಿಂದ ಗೇರನ್ನು ತಂದು ಗೋವೆಯಲ್ಲೂ ಮೊಜಾಂಬಿಕಿನಲ್ಲೂ ನೆಟ್ಟವರು ಪೋರ್ಚುಗೀಸರೇ. 1970ರ ಸುಮಾರಿಗೆ ಗೇರಿನ ಉತ್ಪನ್ನದಲ್ಲಿ ಮೊಜಾಂಬಿಕಿಗೆ ಜಗತ್ತಿನಲ್ಲೇ ಅಗ್ರಸ್ಥಾನ. ಮಂಗಳೂರಿನ ಕಾರ್ಖಾನೆಗಳಲ್ಲಿ ಹೆಂಗಸರು ಸುಲಿದ ಬೀಜದಲ್ಲಿ ಎಷ್ಟೋ ಪಾಲು ಪೂರ್ವ ಆಫ್ರಿಕದಿಂದ ಹಡಗಿನಲ್ಲಿ ಬಂದುದು. ಯುದ್ಧದ ನಂತರ ಮೊಜಾಂಬಿಕ್ ತನ್ನ ಕಾರ್ಖಾನೆಗಳನ್ನು ಮತ್ತೆ ನಡೆಸಲು ಹೊರಟಾಗ, 1995ರಲ್ಲಿ ವಿಶ್ವಬ್ಯಾಂಕಿನ ಒತ್ತಾಯಕ್ಕೆ ಮಣಿದು ಹಸಿ ಬೀಜದ ರಫ್ತಿನ ಸುಂಕವನ್ನು ಇಳಿಸಬೇಕಾಯಿತು. ಬೀಜ ಭಾರತಕ್ಕೆ ಹರಿಯಿತು. ಅಲ್ಲಿಯ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದರು. ಕರಾವಳಿಯ ಇತ್ತಣ ದಡದ ಕೂಲಿ ಅತ್ತಣ ದಡದ ಕೂಲಿಯನ್ನು ಅರಿಯದೆಯೇ ಕಸಿದುಕೊಂಡ ಕಥೆ ಇದು.

ತೊಗರಿಯ ಕಥೆಯೂ ಹೀಗೆಯೇ. 2016ರಲ್ಲಿ ಭಾರತ ಸರ್ಕಾರ ಮೊಜಾಂಬಿಕಿನೊಡನೆ ಬೇಳೆಕಾಳುಗಳ ಆಮದಿಗೆ ಒಪ್ಪಂದ ಮಾಡಿಕೊಂಡಿತು: ಮೊದಲ ವರ್ಷ 1 ಲಕ್ಷ ಟನ್, ಐದು ವರ್ಷದಲ್ಲಿ 2 ಲಕ್ಷ ಟನ್. ಭಾರತದ ಬೇಡಿಕೆಯನ್ನು ನಂಬಿ ಅಲ್ಲಿಯ ಸಣ್ಣ ರೈತರು ತೊಗರಿ ಬಿತ್ತಿದರು. 2017ರಲ್ಲಿ ಇಲ್ಲಿ ಬೆಳೆ ಹುಲುಸಾಗಿ ಆಮದಿಗೆ ಮಿತಿ ಹಾಕಿದಾಗ ಅಲ್ಲಿ ಬೆಲೆ ದಿಢೀರನೆ ಕುಸಿಯಿತು. ಬೆಲೆ ಕುಸಿತದ ನೋವು ಏನೆಂಬುದನ್ನು ತಿಪಟೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿಯಿದ್ದಾಗ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಯನ್ನು ದಾಟಿತು. ಒಂದೇ ಬೆಳೆಯನ್ನು ನಂಬಿದವನ ಬಾಳು ಪೇಟೆಯ ಉಯ್ಯಾಲೆಯಲ್ಲಿ ತೂಗುತ್ತದೆ.

ತಲೆ ಕಳೆದುಕೊಂಡ ತೋಟಗಳು

ಜಾಂಬೆಜಿಯಾ ಪ್ರಾಂತದ ಕೆಲಿಮಾನೆಯ ಸುತ್ತ 19ನೆಯ ಶತಮಾನದ ಕೊನೆಯಿಂದ ವಿದೇಶೀ ಕಂಪನಿಗಳು ಸಾವಿರಾರು ಎಕರೆಗಳಲ್ಲಿ ತೆಂಗು ನೆಟ್ಟುವು. ಜಗತ್ತಿನ ಅತಿ ದೊಡ್ಡ ತೆಂಗಿನ ತೋಟಗಳ ಸಾಲಿನಲ್ಲಿ ಅವು ಹೆಸರು ಪಡೆದುವು. ಸುತ್ತಣ ರೈತರೂ ತಮ್ಮ ಗುಡಿಸಿಲ ಬಳಿ ಮರ ಬೆಳೆಸಿದರು. ಆದರೆ ಅಲ್ಲಿಯ ಕೊಬ್ಬರಿ ತಿಪಟೂರಿನ ಕೊಬ್ಬರಿಯಂಥದಲ್ಲ. ತಿಪಟೂರಿನಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ, ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಸದ್ದಾದ ಮೇಲೆ ಸುಲಿದು, ಕರಟ ಒಡೆದು ಇಡಿಯ ಉಂಡೆಯನ್ನು ತೆಗೆಯುತ್ತಾರೆ. ಉತ್ತರ ಭಾರತದ ಮದುವೆ, ಹಬ್ಬಗಳ ತಟ್ಟೆಗೆ ಹೋಗುವುದು ಈ ಉಂಡೆ. ಜಾಂಬೆಜಿಯಾದಲ್ಲಿ ಕಾಯಿಯನ್ನು ಒಡೆದು ಒಣಗಿಸಿ, ಎಣ್ಣೆಗೂ ಸಾಬೂನಿಗೂ ಯೂರೋಪಿಗೆ ಕಳುಹಿಸುತ್ತಿದ್ದರು.

ಯುದ್ಧದಲ್ಲಿ ತೋಟಗಳು ಆರೈಕೆಯಿಲ್ಲದೆ ಸೊರಗಿದುವು. ಶಾಂತಿ ಬಂದು ಜನ ಉಸಿರೆಳೆದುಕೊಳ್ಳುವಷ್ಟರಲ್ಲಿ, 1990ರ ದಶಕದಲ್ಲಿ, ಹೊಸ ಶತ್ರು ಕಾಣಿಸಿಕೊಂಡಿತು. ಮೊದಲು ಬಲಿಯದ ಕಾಯಿಗಳು ಉದುರುವುವು. ಅನಂತರ ಹೊಂಬಾಳೆ ಕಪ್ಪಾಗುವುದು. ಕೆಳಗಿನ ಗರಿಗಳಿಂದ ಮೊದಲ್ಗೊಂಡು ಮೇಲಕ್ಕೆ ಹಳದಿ ಏರುವುದು. ಕೆಲವೇ ತಿಂಗಳುಗಳಲ್ಲಿ ಸುಳಿ ಕೊಳೆತು ಇಡಿಯ ತಲೆ ಕಳಚಿಬಿದ್ದು, ಬೋಳು ಕಾಂಡ ತಂತಿಕಂಬದಂತೆ ನಿಲ್ಲುವುದು. ‘ಮಾರಕ ಹಳದಿ ರೋಗ’ ಎಂದು ಇದಕ್ಕೆ ಹೆಸರು. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಾಣು ಮರದ ಆಹಾರ ಹರಿಯುವ ನಾಳಗಳಲ್ಲಿ ಸೇರಿಕೊಂಡು ಈ ನಾಶ ಮಾಡುತ್ತದೆ. ಮರದಿಂದ ಮರಕ್ಕೆ ಅದನ್ನು ಒಯ್ಯುವುವು ರಸ ಹೀರುವ ಸಣ್ಣ ಕೀಟಗಳು. ತಗುಲಿದ ಮರವನ್ನು ಗುಣಪಡಿಸುವ ಔಷಧವಿಲ್ಲ. ಸತ್ತ ಕಾಂಡಗಳನ್ನು ಹಾಗೆಯೇ ಬಿಟ್ಟರೆ ಅವುಗಳೊಳಗೆ ಸುಳಿ ಕೊರೆಯುವ ದುಂಬಿಗಳು ಮೊಟ್ಟೆಯಿಟ್ಟು ಬೆಳೆದು, ಉಳಿದ ಒಳ್ಳೆಯ ಮರಗಳನ್ನೂ ತಿನ್ನುತ್ತವೆ.

ಜಾಂಬೆಜಿಯಾದ ಹಳ್ಳಿಗಳಲ್ಲಿ ಮೈಲಿಗಟ್ಟಲೆ ಬೋಳು ಕಾಂಡಗಳು ನಿಂತುವು. ಕೊಬ್ಬರಿಯ ಹಣ ನಿಂತಿತು. ಮಕ್ಕಳ ಶಾಲೆಯ ಖರ್ಚಿಗೂ ಮನೆಯ ಸೂರಿಗೂ ಆಧಾರವಾಗಿದ್ದುದು ಹೋಯಿತು. ಅಮೆರಿಕದ ಧನಸಹಾಯದಿಂದ 2008ರಿಂದ 2013ರವರೆಗೆ ಒಂದು ಯೋಜನೆ ನಡೆಯಿತು. ಲಕ್ಷಾಂತರ ರೋಗದ ಮರಗಳನ್ನು ಕಡಿದು ಸುಟ್ಟರು. ಲಕ್ಷಾಂತರ ಸಸಿಗಳನ್ನು ನೆಟ್ಟರು. ಸಾಲುಗಳ ನಡುವೆ ಕಡಲೆಕಾಯಿ, ತೊಗರಿ, ಅಲಸಂದೆ ಮೊದಲಾದ ಬೆಳೆಗಳನ್ನು ರೂಢಿಗೆ ತಂದರು. ಹಳೆಯ ವೈಭವ ಮರಳಲಿಲ್ಲವಾದರೂ ಒಂದೇ ಮರಕ್ಕೆ ಬದುಕನ್ನು ಕಟ್ಟಿಹಾಕಬಾರದೆಂಬ ತಿಳಿವಳಿಕೆ ಬಂತು.

ಕಲ್ಪತರುವಿನ ನಾಡಿಗೆ

ಆಫ್ರಿಕದ ಈ ರೋಗ ಭಾರತಕ್ಕೆ ಬಂದಿಲ್ಲ. ಆದರೆ ಅದೇ ಜಾತಿಯ ಜೀವಾಣುವಿನಿಂದ ಬರುವ ಬೇರು ಸೊರಗು ರೋಗ ಕೇರಳದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇದೆ. ಅದು ಮರವನ್ನು ಒಮ್ಮೆಗೇ ಕೊಲ್ಲದೆ ವರ್ಷಗಟ್ಟಲೆ ಬಡವಾಗಿಸುತ್ತದೆ. ತಿಪಟೂರು ಸೀಮೆಗೆ ತನ್ನದೇ ಆದ ಕಾಟಗಳು ಉಂಟು: ಕಾಂಡ ಸೋರುವ ರೋಗ, ಅಣಬೆ ರೋಗ, ಕಪ್ಪುತಲೆ ಹುಳು, ಇಪ್ಪತ್ತೈದು ವರ್ಷಗಳ ಹಿಂದೆ ಕಾಯಿಯ ಮೈಯನ್ನು ಕೆಡಿಸುತ್ತ ಬಂದ ನುಸಿ, ಈಚಿನ ಬಿಳಿನೊಣ. ಇವೆಲ್ಲಕ್ಕೂ ಮೇಲಾಗಿ ಮೇಲಿಂದ ಮೇಲೆ ಬಂದ ಬರಗಾಲಗಳಲ್ಲಿ ಕೊಳವೆಬಾವಿಗಳು ಬತ್ತಿ ಎಷ್ಟೋ ತೋಟಗಳು ಒಣಗಿಹೋದುದನ್ನು ಈ ಸೀಮೆ ಕಂಡಿದೆ.

ಹಾಗಾದರೆ ಕೆಲಿಮಾನೆಯಿಂದ ಕಲಿಯಬೇಕಾದುದೇನು? ಮೊದಲನೆಯದು, ಸಸಿಯ ವಿಷಯದಲ್ಲಿ ಎಚ್ಚರ. ಊರೂರು ತಿರುಗಿ ಮಾರುವವರಿಂದ ಗೊತ್ತುಗುರಿಯಿಲ್ಲದ ಸಸಿ ಕೊಳ್ಳುವುದಕ್ಕಿಂತ, ಬರವನ್ನು ತಾಳಿ ಬಂದ ಊರಿನದೇ ‘ತಿಪಟೂರು ಟಾಲ್’ ತಳಿಯ ಒಳ್ಳೆಯ ತಾಯಿಮರದ ಕಾಯಿಯನ್ನು ಆರಿಸಿಕೊಳ್ಳುವುದು ಲೇಸು. ಎರಡನೆಯದು, ಸತ್ತ ಮರವನ್ನು ತೋಟದಲ್ಲಿ ನಿಲ್ಲಿಸದಿರುವುದು. ಕಡಿಯುವ ಕೂಲಿ ಹೆಚ್ಚೆಂದು ಬಿಟ್ಟ ಒಂದು ಕಾಂಡ ನೆರೆಯವನ ಹತ್ತು ಮರಗಳಿಗೆ ಮೃತ್ಯುವಾಗಬಲ್ಲದು. ಮೂರನೆಯದು, ಸಾಲುಗಳ ನಡುವಣ ನೆಲವನ್ನು ಬರಿದಾಗಿ ಬಿಡದೆ ಅಲಸಂದೆ, ಹುರುಳಿ, ಬಾಳೆ, ಹಿಪ್ಪುನೇರಳೆ ಮೊದಲಾದುವನ್ನು ಬೆಳೆಯುವುದು. ಹಿಂದಿನವರು ಈ ಸೀಮೆಯಲ್ಲಿ ತೆಂಗಿನ ನಡುವೆ ರಾಗಿಯನ್ನೂ ಬೆಳೆಯುತ್ತಿದ್ದರು. ಆ ರೂಢಿ ಬಿಟ್ಟುಹೋದುದು ಲಾಭವಲ್ಲ. ನಾಲ್ಕನೆಯದು, ಗರಿಯ ಬಣ್ಣದಲ್ಲಿ, ಹೊಂಬಾಳೆಯಲ್ಲಿ ಹೊಸತೇನಾದರೂ ಕಂಡ ಕೂಡಲೆ ಬಲ್ಲವರಿಗೆ ತಿಳಿಸುವುದು. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. 1916ರಿಂದ ತೆಂಗಿನ ಸಂಶೋಧನೆ ನಡೆದುಬಂದಿರುವ ಕಾಸರಗೋಡಿನ ಕೇಂದ್ರ ಸಂಸ್ಥೆಯಿದೆ. ಮೊಜಾಂಬಿಕಿನ ಬಡ ರೈತನಿಗೆ ರೋಗದ ಹೆಸರು ತಿಳಿಯುವ ವೇಳೆಗೆ ತೋಟ ಹೋಗಿತ್ತು. ಇಲ್ಲಿಯವನಿಗೆ ಕೇಳಲು ಜಾಗವಿದೆ, ಹೇಳುವವರೂ ಇದ್ದಾರೆ.

ಮೊಜಾಂಬಿಕಿನ ಬಾವುಟದಲ್ಲಿ ಮೂರು ವಸ್ತುಗಳ ಚಿತ್ರವಿದೆ: ಒಂದು ಬಂದೂಕು, ಒಂದು ಗುದ್ದಲಿ, ಒಂದು ತೆರೆದ ಪುಸ್ತಕ. ಬಂದೂಕಿನಿಂದ ಆ ದೇಶ ಬಿಡುಗಡೆಯನ್ನು ಪಡೆಯಿತು. ಬಂದೂಕಿನಿಂದಲೇ ಬಹಳವನ್ನು ಕಳೆದುಕೊಂಡಿತು. ಸತ್ತ ತೆಂಗಿನ ಬುಡದಲ್ಲಿ ಈಗ ಅಲ್ಲಿಯ ಹೆಂಗಸರು ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಗುದ್ದಲಿಯಿಂದ ನೆಲ ಅಗೆದು ತೊಗರಿ ಬಿತ್ತುತ್ತಾರೆ. ಆ ತೊಗರಿ ಹಡಗು ಹತ್ತಿ ಭಾರತಕ್ಕೆ ಬಂದು, ಬೇಳೆಯಾಗಿ, ಯಾವುದೋ ಊರಿನ ಅಂಗಡಿಯ ಚೀಲದಲ್ಲಿ ಬೆರೆಯುತ್ತದೆ. ತಿಪಟೂರಿನ ಮನೆಯಲ್ಲಿ ಕಾಯಿ ತುರಿದು ಹಾಕಿದ ಹುಳಿ ಕುದಿಯುವಾಗ ಅದರೊಳಗಿನ ಬೇಳೆ ಯಾವ ದಡದ್ದೆಂದು ಯಾರು ಬಲ್ಲರು?